ಟ್ಯೂಬಿನೊಳಗಿನ ಹಾಲು

ಬಿಳಿಗೆರೆಯಿಂದ ತೆಂಗಿನ ನಾರಿನ ಫ್ಯಾಕ್ಟರಿಗೆ ಹೋಗುವ ತೋಟದ ದಾರಿಯಲ್ಲಿ ಜಾಲಿ ಮುಳ್ಳು ಹೆಚ್ಚು. ಈರಣ್ಣನ ಸೈಕಲ್ಲು ಮೇಲಿಂದ ಮೇಲೆ ಪಂಕ್ಚರ್ ಆಗುತ್ತಿತ್ತು. ಅವನು ತಳ್ಳಿಕೊಂಡು ಬರುವುದನ್ನು ಕಂಡಾಗಲೆಲ್ಲ ಜೊತೆಗೆ ಕೆಲಸ ಮಾಡುವ ಗಂಗರಾಜು, "ಹೊತ್ಕೊಂಡೇ ಬಂದ್ಬುಡ್ಲಾ, ಬೇಗ ಬತ್ತೀಯ" ಎನ್ನುತ್ತಿದ್ದ.

ತಿಪಟೂರಿನ ಅಂಗಡಿಯಲ್ಲಿ ಟ್ಯೂಬಿಗೆ ಹಾಕುವ ಸೀಲೆಂಟ್ ಇತ್ತು. ಮುಳ್ಳು ಚುಚ್ಚಿದರೆ ಒಳಗಿನ ಆ ದ್ರವವೇ ತೂತಿಗೆ ಬಂದು ಗಟ್ಟಿಯಾಗಿ ಮುಚ್ಚುತ್ತದೆ. ಈರಣ್ಣ ಬಾಟಲಿ ತಿರುಗಿಸಿ ಬೆಲೆ ನೋಡಿ ಅಲ್ಲೇ ಇಟ್ಟು ಬಂದ. ಬೇಲಿಯ ಕಳ್ಳಿ ಮುರಿದರೆ ಸೋರುವ ಹಾಲೂ ಬೆರಳ ಮೇಲೆ ರಬ್ಬರಿನಂತೆ ಒಣಗುತ್ತದೆ. ಅದನ್ನೇ ಹಿಡಿದು, ನೀರು ಬೆರೆಸಿ, ಜರಡಿ ಹಿಡಿದ ನಾರಿನ ಪುಡಿ ಕಲಸಿ, ದನದ ಸಿರಿಂಜಿನಿಂದ ಎರಡೂ ಟ್ಯೂಬಿಗೆ ತುಂಬಿದ.

ಪಂಕ್ಚರ್ ನಿಂತಿತು.

"ಏನ್ ಕುಡ್ಸಿದ್ದೀಯಲಾ ಅದಕ್ಕೆ?" ಗಂಗರಾಜು ಕೇಳಿದ.

"ಕಂಪನಿ ಸೀಲೆಂಟು ಕಣ್ಲಾ."

ಹೆಂಡತಿ ಪುಷ್ಪಲತಾಗೂ ಹಾಗೆಯೇ ಹೇಳಿದ. ಕಳ್ಳಿ ಹಾಲು ಎಂದಿದ್ದರೆ ಅವಳು ಸೈಕಲ್ಲನ್ನು ಜಗುಲಿಯ ಹತ್ತಿರವೂ ಬಿಡುತ್ತಿರಲಿಲ್ಲ. ಅದು ಕಣ್ಣಿನೊಳಗೆ ಬಿದ್ದರೆ ಕಣ್ಣೇ ಹೋಗಬಹುದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಬೇಲಿ ಸವರುವಾಗ ಒಂದು ಹನಿ ಸಿಡಿದರೂ ಮಚ್ಚು ಬಿಸಾಡಿ ನೀರಿದ್ದ ಕಡೆ ಓಡುತ್ತಾರೆ.

ಈರಣ್ಣ ಫ್ಯಾಕ್ಟರಿಯ ಟೆಂಪೋದಲ್ಲಿ ಹೋಗಿದ್ದ ಒಂದು ಬೆಳಿಗ್ಗೆ ಪುಷ್ಪಲತಾ ಹೊಲಿದಿಟ್ಟ ರವಿಕೆಗಳನ್ನು ಕೊಟ್ಟುಬರಲು ಸೈಕಲ್ ತೆಗೆದಳು. ಮುಂದಿನ ಚಕ್ರ ಮೆತ್ತಗಿತ್ತು. ಪಂಪು ಒತ್ತಿದರೆ ಗಾಳಿ ಹೋಗಲಿಲ್ಲ. ವಾಲ್ವಿನೊಳಗೆ ಅಂಟು ಕಟ್ಟಿಕೊಂಡಿತ್ತು. ಬಗ್ಗಿ ನಟ್ಟು ಸಡಿಲಿಸಿದಳು. ಒಳಗುಳಿದಿದ್ದ ಗಾಳಿ ಹಾಲನ್ನು ಅವಳ ಮುಖಕ್ಕೆ ಎರಚಿತು.

ಮಧ್ಯಾಹ್ನ ಈರಣ್ಣ ಬಂದಾಗ ಅವಳು ಹೊಲಿಗೆ ಮೆಷಿನ್ನಿನ ಪಕ್ಕ ಕಣ್ಣ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು.

"ನಿಮ್ ಸೀಲೆಂಟ್ ಸಿಡೀತು ಕಣ್ರೀ. ಕಂಪನೀದಲ್ವಾ, ಏನಾಗಲ್ಲ ಅಂತ ಸೆರಗಲ್ಲಿ ಒರೆಸ್ಕೊಂಡು ಸುಮ್ಮನಾದೆ. ಈಗ ಕಣ್ಣು ಬಿಡೋಕೇ ಆಗ್ತಿಲ್ಲ."

ಅವನು ಕೊಡದಲ್ಲಿದ್ದ ನೀರನ್ನೆಲ್ಲ ಅವಳ ಕಣ್ಣಿಗೆ ಸುರಿದ.

"ಯಾಕ್ರೀ ಇಷ್ಟೊಂದು?"

"ತಂಪಾಗ್ತದೆ ಬುಡು."

ಆಟೋದಲ್ಲಿ ಅವಳು ಯಾರದೋ ಮದುವೆ ರವಿಕೆಗೆ ಕಾಜ ಹೊಲಿಯುವುದು ಬಾಕಿಯಿದೆ ಎಂದಳು. ಅವನು ಹೂಂಗುಟ್ಟಿದ. ಹೊರಗೆ ಕಳ್ಳಿ ಬೇಲಿಗಳು ಮುಗಿಯುತ್ತಲೇ ಇರಲಿಲ್ಲ.

ತಿಪಟೂರಿನ ಕಣ್ಣಿನ ಡಾಕ್ಟರು ರೆಪ್ಪೆ ಬಿಡಿಸಿ ನೋಡಿದರು. "ಬಾಟಲಿ ತಂದಿದ್ದೀರಾ? ಅದರಲ್ಲಿ ಏನಿತ್ತು ಅಂತ ಗೊತ್ತಾಗ್ಬೇಕು."

"ಅವರನ್ನ ಕೇಳಿ ಸಾರ್. ಅವರೇ ತಂದಿದ್ದು."

ಡಾಕ್ಟರು ಈರಣ್ಣನ ಕಡೆ ತಿರುಗಿದರು.

"ಕಳ್ಳಿ ಹಾಲು ಸಾರ್."

ಡಾಕ್ಟರು ಬೈಯಲಿಲ್ಲ. ನರ್ಸನ್ನು ಕರೆದು ತೊಳೆಯಲು ಶುರುಮಾಡಿದರು. ಬಹಳ ಹೊತ್ತಾದ ಮೇಲೆ, ಎಡಗಣ್ಣು ಉಳಿಯಬಹುದು, ಬಲಗಣ್ಣಿನ ಮಾತು ಹೇಳಲಾಗದು, ಸಿಡಿದ ಕೂಡಲೇ ತೊಳೆದಿದ್ದರೆ ಚೆನ್ನಾಗಿತ್ತು ಎಂದರು.

ಪುಷ್ಪಲತಾ ಅವನಿದ್ದ ಕಡೆ ಮುಖ ತಿರುಗಿಸಿದಳು. ಎರಡು ಕಣ್ಣಿಗೂ ಪಟ್ಟಿ ಕಟ್ಟಿತ್ತು.

"ನಮ್ಮ ಬೇಲೀದಾ?"

"ಹೂಂ."

"ಹೇಳಿದ್ರೆ ತೊಳ್ಕೊತಿದ್ದೆ."

ಅವನು ಎಬ್ಬಿಸಲು ಕೈ ಹಿಡಿದ. ಅವಳು ಅದನ್ನು ಬಿಡಿಸಿಕೊಂಡು, ಗೋಡೆ ತಡವಿ, ತಾನೇ ಎದ್ದು ನಿಂತಳು.