ಅವ್ವ ತೋರಿಸಿದ ನೀರಿನ ಮಟ್ಟ

"ಕೋಲು ನೆಟ್ಟಗೆ ಹಿಡಿಯೋ, ಸೂಳೆಮಗನೆ! ಬೆಳಿಗ್ಗೆನೇ ಕುಡ್ಕೊಂಡು ಬಂದಿದೀಯಾ?"

ಬೈದವನು ಮೇಸ್ತ್ರಿ. ನಾನು ಸೊಂಟಮಟ್ಟದ ಕೊಚ್ಚೆಯಲ್ಲಿ ಅಳತೆ ಕೋಲು ಹಿಡಿದು ನಿಂತಿದ್ದೆ. ಅಂಗಾಲಿಗೆ ಗಾಜು ಹೊಕ್ಕಿತ್ತು, ಅದಕ್ಕೇ ಕೋಲು ಅಲುಗುತ್ತಿತ್ತು. ಕುಡಿಯುವ ಯೋಗ್ಯತೆ ಇದ್ದಿದ್ದರೆ ಆ ಕೊಚ್ಚೆಗೆ ಯಾಕೆ ಇಳಿಯುತ್ತಿದ್ದೆ? ದಡದ ಮೇಲೆ ಛತ್ರಿಯ ನೆರಳಲ್ಲಿ ಸಾಹೇಬ ಮುಕ್ಕಾಲಿ ದುರ್ಬೀನಿಗೆ ಒಂದು ಕಣ್ಣು ಕೊಟ್ಟು ಬಗ್ಗಿದ್ದ. ನಮ್ಮ ಬೀದಿಯ ಬೆನ್ನಿಗೇ ಹೊಸ ಹೆದ್ದಾರಿ ಬರುವುದಿತ್ತು. ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದು ಅವನ ಕೆಲಸ. ನಾವು ಅವನನ್ನು ನಕ್ಷೆ ಸಾಹೇಬ ಅನ್ನುತ್ತಿದ್ದೆವು.

ಅಳತೆ ಮುಗಿದ ಮೇಲೆ ಅವನು ಒಂದು ದಪ್ಪ ಪುಸ್ತಕ ತೆರೆದ. "ಹಳೇ ನೆರೆ ಎಷ್ಟು ಎತ್ತರ ಬಂದಿತ್ತು ಅಂತ ಅಲ್ಲಿಯ ಜನರನ್ನೇ ಕೇಳಬೇಕು ಅಂತ ಇದ್ರಲ್ಲಿದೆ. ಯಾರಾದ್ರೂ ವಯಸ್ಸಾದೋರು ಇದಾರೇನೋ?"

ನಮ್ಮನ್ನು ಕೇಳಬೇಕು ಅಂತ ಯಾವ ಪುಣ್ಯಾತ್ಮನೋ ಪುಸ್ತಕದಲ್ಲೇ ಬರೆದಿಟ್ಟಿದ್ದಾನೆ! ನಾನು ಹಿಗ್ಗಿ ಹೀರೇಕಾಯಿಯಾಗಿ, ಕುಂಟುತ್ತಲೇ ಓಡಿಹೋಗಿ ಅವ್ವನನ್ನು ಕರೆತಂದೆ. "ಎಲ್ಲಾ ಹೇಳವ್ವ, ಬರ್ಕೋತಾರೆ" ಅಂದೆ. ಆ ಮಾತು ಆಡಿದ ನಾಲಿಗೆಯನ್ನು ಆಮೇಲೆ ಎಷ್ಟು ಸಲ ಕಚ್ಚಿಕೊಂಡಿದ್ದೇನೋ.

ಅವ್ವ ಅಂಗೈಯನ್ನು ಗಂಟಲಿಗೆ ಅಡ್ಡ ಹಿಡಿದಳು. "ಆ ವರ್ಷ ಇಲ್ಲೀವರೆಗೆ ಬಂದಿತ್ತಪ್ಪ. ಇವನನ್ನ ತಲೆ ಮೇಲೆ ಕೂರಿಸ್ಕೊಂಡು ಒಂದಿಡೀ ಹಗಲು ನಿಂತಿದ್ದೆ. ಸಂಜೆಗೆ ಇಳೀತು. ಅಗೋ, ಆ ಹಳ್ಳದ ಹಾದಿ ಹಿಡಿದು ಬಯಲಿಗೆ ಹೋಗುತ್ತೆ ನೀರು. ಅದಕ್ಕೆ ಮಾತ್ರ ಅಡ್ಡ ಬರಬೇಡಿ."

ಸಾಹೇಬ ಅವಳ ಪಕ್ಕ ಕೋಲು ನಿಲ್ಲಿಸಿ, ಗಂಟಲವರೆಗೆ ಎಷ್ಟು ಅಂತ ಅಳೆದು, ಫೋಟೋ ಹೊಡೆದುಕೊಂಡ. ಮೊದಲ ಮಾತು ಬರೆದುಕೊಂಡ. ಹಳ್ಳದ ಮಾತು ಬರುವಷ್ಟರಲ್ಲಿ ಪೆನ್ನಿಗೆ ಮುಚ್ಚಳ ಹಾಕಿದ್ದ.

ಆರು ತಿಂಗಳ ಮೇಲೆ ಸಾರ್ವಜನಿಕ ಸಭೆ ಕರೆದರು. ಕುರ್ಚಿಗಳು ಬೇಕಾದಷ್ಟು ಖಾಲಿ ಇದ್ದವು, ನಮ್ಮನ್ನು ಮಾತ್ರ ಬಾಗಿಲ ಪಕ್ಕ ನೆಲದ ಮೇಲೆ ಕೂರಿಸಿದರು. ಕುರ್ಚಿಯ ಬಟ್ಟೆಗೆ ಕೊಳೆಯಾಗುತ್ತದಂತೆ. ದೀಪ ಆರಿಸಿ ಗೋಡೆಯ ಮೇಲೆ ಕಂಪ್ಯೂಟರ್ ಚಿತ್ರ ಬಿಟ್ಟರು.

ಸುಳ್ಳು ಯಾಕೆ ಹೇಳಲಿ, ಚಂದವಾಗೇ ಇತ್ತು. ಕಪ್ಪು ರಸ್ತೆ, ಬಿಳಿ ಗೆರೆ. ಮಳೆ ಸುರಿಯಿತು. ನೀಲಿ ನೀರು ಏರುತ್ತಾ ಏರುತ್ತಾ ರಸ್ತೆಯ ಅಂಚಿಗೆ ಒಂದು ಮೊಳ ಕೆಳಗೆ ತೆಪ್ಪಗೆ ನಿಂತುಬಿಟ್ಟಿತು. ಮೇಲೆ ಕಾರುಗಳು ಸುಯ್ಯನೆ ಓಡಿದವು.

"ಹವಾಮಾನ ಬದಲಾಗಿದೆ," ನಕ್ಷೆ ಸಾಹೇಬ ಮೈಕಿನಲ್ಲಿ ಹೇಳಿದ. "ನೂರು ವರ್ಷಕ್ಕೊಂದು ಸಲ ಬರ್ತಿದ್ದ ಮಳೆ ಇನ್ಮೇಲೆ ಹತ್ತು ವರ್ಷಕ್ಕೇ ಬರಬಹುದು. ಅದಕ್ಕೇ ಸ್ಥಳೀಯರು ಕೊಟ್ಟ ಮಾಹಿತಿ ಇಟ್ಕೊಂಡು ರಸ್ತೇನ ಎರಡಾಳು ಎತ್ತರಕ್ಕೆ ಏರಿಸಿದೀವಿ. ಎಂಥಾ ಮಳೆ ಬಂದ್ರೂ ರಸ್ತೆಗೆ ಏನೂ ಆಗಲ್ಲ."

ಚಪ್ಪಾಳೆ ಬಿತ್ತು. ಸ್ಥಳೀಯರು ಅಂದರೆ ನಮ್ಮವ್ವ. ಅವಳು ಎದ್ದು ಗೋಡೆಯ ಹತ್ತಿರ ಹೋಗಿ ಚಿತ್ರವನ್ನು ದಿಟ್ಟಿಸಿದಳು.

"ಇದ್ರಲ್ಲಿ ನಮ್ಮ ಬೀದಿ ಎಲ್ಲಪ್ಪ?"

ನಮ್ಮ ಬೀದಿ ಇರಬೇಕಾದ ಕಡೆ ಹಸಿರು ಹುಲ್ಲಿತ್ತು. ಎರಡು ಮರ, ಒಂದರ ಮೇಲೆ ಹಕ್ಕಿ.

"ಅಜ್ಜಿ, ಇದು ಕಂಪ್ಯೂಟರ್. ಸಣ್ಣಪುಟ್ಟದ್ದೆಲ್ಲ ತೋರಿಸೋಕಾಗಲ್ಲ."

"ಹಕ್ಕಿ ತೋರ್ಸಿದೀಯಲ್ಲ?"

ಯಾರೋ ಕಿಸಕ್ಕೆಂದರು. ನನಗೆ ನೆತ್ತಿಗೇರಿತು. "ಹಳ್ಳದ ಹಾದೀಲಿ ನೀರು ದಾಟೋಕೆ ಕಿಂಡಿ ಎಲ್ಲಿ ಬಿಟ್ಟಿದೀರಿ ಸ್ವಾಮಿ? ಇದು ರಸ್ತೆ ಅಲ್ಲ, ಒಡ್ಡು! ನಾವು ಒಳಗೇ ಮುಳುಗಿ ಸಾಯಬೇಕಾ?" ಎಂದು ಕೂಗಿದೆ. ಸಾಹೇಬ "ಅದನ್ನ ಮುಂದೆ ಪರಿಶೀಲಿಸ್ತೀವಿ" ಎಂದು ಅಡ್ಡಗೋಡೆ ಮೇಲೆ ದೀಪವಿಟ್ಟ. ನಾನು ಮೈಕಿಗೆ ಕೈ ಹಾಕಿದೆ. ಇಬ್ಬರು ಕಾವಲುಗಾರರು ನನ್ನ ಕೂದಲು ಹಿಡಿದು ಹೊರಗೆಳೆದು, ಮೆಟ್ಟಿಲ ಮೇಲೆ ಕೆಡವಿ, ಲಾಠಿಯ ತುದಿಯನ್ನು ಬಾಯಿಗೆ ಕುಟ್ಟಿದರು. ಮುಂದಿನ ಎರಡು ಹಲ್ಲು ಅಲ್ಲೇ ಬಿದ್ದವು.

ಅವ್ವ ಸೆರಗಿನಿಂದ ನನ್ನ ಬಾಯಿಯ ರಕ್ತ ಒರೆಸಿದಳು. "ನಾನೇ ಕೈಯೆತ್ತಿ ತೋರಿಸಿದೆ ಕಣೋ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳ್ಕೊಂಡೆ," ಅಂದಳು.

ಅಲ್ಲವ್ವ, ಎಳೆದವನು ನಾನು. ಹಾಗಂತ ಅವಳಿಗೆ ಹೇಳಲಿಲ್ಲ. ಬಾಯಿ ಊದಿಕೊಂಡಿತ್ತು.

ಆ ರಸ್ತೆಗೆ ಮಣ್ಣು ಹೊತ್ತವರೂ ನಾವೇ. ಬೇರೆ ಕೂಲಿ ಎಲ್ಲಿತ್ತು? ಹಳ್ಳದ ಹಾದಿಗೆ ಬುಟ್ಟಿ ಬುಟ್ಟಿ ಮಣ್ಣು ಸುರಿದು ಮುಚ್ಚಿದೆವು. ಅಲ್ಲಿ ಮಣ್ಣು ಸರಿಯಾಗಿ ಕೂರುತ್ತಿಲ್ಲ ಅಂದರೆ ಮೇಸ್ತ್ರಿ, "ನಿಮ್ಮಪ್ಪನ ಗೋರಿನಾ? ಮುಚ್ಚು ಸಾಕು" ಎಂದ.

ರಸ್ತೆ ಮುಗಿದ ಮೇಲಿನ ಮೊದಲ ಮಳೆಗಾಲ. ಮಳೆ ಹಿಡಿದು ಮೂರನೆಯ ದಿನ ಬೆಳಿಗ್ಗೆ ನೀರು ಅವ್ವ ತೋರಿಸಿದ ಮಟ್ಟ ದಾಟಿತು. ಹಿಂದಿನ ಸಲ ಅಷ್ಟಕ್ಕೇ ನಿಂತಿತ್ತು, ಈ ಸಲ ಏರುತ್ತಲೇ ಇತ್ತು. ನನ್ನ ಹೆಂಡತಿ ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತಗಡಿನ ಮಾಡು ಹತ್ತಿದಳು. ಬೀದಿಯ ಎಲ್ಲ ಮಾಡುಗಳ ಮೇಲೂ ಜನ. ಅಲ್ಲಿಂದ ನೋಡಿದರೆ ಎದುರಿಗೇ ರಸ್ತೆ ನೀರು ಮುಟ್ಟದೆ ಮೇಲೆ ನಿಂತಿತ್ತು, ಕಾರುಗಳು ಸುಯ್ಯನೆ ಓಡುತ್ತಿದ್ದವು.

ಅವ್ವನನ್ನು ಬೆನ್ನಿಗೆ ಹಾಕಿಕೊಂಡು ಈಜಿ, ಜಾರುವ ಏರಿಯನ್ನು ಮಂಡಿಯೂರಿ ಹತ್ತಿದೆ. ಮೇಲೆ ಬೇಲಿಯ ಹತ್ತಿರ ಅದೇ ಇಬ್ಬರು ಕಾವಲುಗಾರರು. ಅವರ ಹಿಂದೆ ಹಳದಿ ರೇನ್‌ಕೋಟಿನಲ್ಲಿ ನಕ್ಷೆ ಸಾಹೇಬ. ಫೋನು ಹಿಡಿದು ನೀರಿನ ಚಿತ್ರ ತೆಗೆಯುತ್ತಾ, "ನೋಡಿ, ಕರೆಕ್ಟಾಗಿ ಒಂದು ಮೊಳ ಕೆಳಗೆ! ನಾನು ಹೇಳಿರಲಿಲ್ವಾ?" ಎಂದು ಯಾರಿಗೋ ತೋರಿಸುತ್ತಿದ್ದ.

"ನಡ್ಕೊಂಡು ಬರೋರಿಗೆ ಈ ರಸ್ತೆ ಅಲ್ಲ. ಇಳಿಯೋ ಕೆಳಗೆ!"

"ಎಲ್ಲಿಗೆ ಇಳೀಲಿ? ಕಣ್ಣು ಕಾಣಲ್ವಾ ನಿಂಗೆ? ಮುದುಕೀನಾದ್ರೂ ಬಿಡು!"

ಕಾವಲುಗಾರ ಬೂಟಿನಿಂದ ನನ್ನ ಎದೆಗೆ ಒದ್ದ. ನಾನು ಬೇಲಿಯ ಕಂಬ ಹಿಡಿದುಕೊಂಡೆ. ಅವ್ವನ ಕೈ ನನ್ನ ಕತ್ತಿನಿಂದ ಜಾರಿತು. ಅವಳು ಏರಿಯ ಕಲ್ಲಿಗೆ ತಲೆ ಬಡಿದುಕೊಂಡು ಉರುಳಿ ನೀರಿಗೆ ಬಿದ್ದಳು. ಧುಮುಕಿ ಎರಡು ಸಲ ಮುಳುಗಿ ಹುಡುಕಿದೆ. ಮೂರನೆಯ ಸಲ ಕೂದಲು ಸಿಕ್ಕಿತು. ಏರಿಗೆ ಎಳೆದು ತಂದಾಗ ಬಾಯಿ ತುಂಬ ಕೆಸರಿತ್ತು, ಉಸಿರಿರಲಿಲ್ಲ. ನಾನು ಮೊದಲು ಅತ್ತೆನೋ ಬೈದೆನೋ ಈಗ ನೆನಪಿಲ್ಲ.

ಅದನ್ನೆಲ್ಲ ಮಾಡುಗಳ ಮೇಲಿದ್ದವರು ನೋಡುತ್ತಿದ್ದರು. ಒಬ್ಬೊಬ್ಬರಾಗಿ ನೀರಿಗಿಳಿದರು. ಮಗಳನ್ನು ಪಕ್ಕದವರ ಕೈಗೆ ಕೊಟ್ಟು ನನ್ನ ಹೆಂಡತಿಯೂ ಇಳಿದಳು. ಮಣ್ಣು ಕೆಲಸದವರ ಮನೆಯಲ್ಲಿ ಬೇರೇನಿಲ್ಲದಿದ್ದರೂ ಪಿಕಾಸಿ, ಹಾರೆ, ಗುದ್ದಲಿ ಇದ್ದೇ ಇರುತ್ತವೆ. ನಲವತ್ತು ಜನ ಏರಿ ಹತ್ತಿದ್ದನ್ನು ಕಂಡು ಕಾವಲುಗಾರರು ಲಾಠಿ ಬೀಸಿದರು. ನನ್ನ ಬಲಗೈ ಮಣಿಕಟ್ಟು ಲಟಕ್ಕೆಂದಿತು. ಒದ್ದವನ ಮಂಡಿಗೆ ಯಾರೋ ಹಾರೆಯಿಂದ ಹೊಡೆದರು. ಅವನು ಅವ್ವೋ ಎಂದು ಕಿರುಚಿದ. ಅವನ ಬಾಯಲ್ಲೂ ಅದೇ ಪದ! ಇನ್ನೊಬ್ಬ ಲಾಠಿ ಎಸೆದು ಓಡಿದ. ಎರಡು ಕಡೆಯೂ ಕಲ್ಲು ಉರುಳಿಸಿ ವಾಹನ ತಡೆದರು.

ಎಲ್ಲಿ ಅಗೆಯಬೇಕು ಅಂತ ಯಾರೂ ಕೇಳಲಿಲ್ಲ. ಮಣ್ಣು ಕೂರದ ಜಾಗ ಹೊತ್ತವರಿಗೆ ಗೊತ್ತಿರುವುದಿಲ್ಲವೇ? ಆಚೆ ಬರೀ ಬಯಲು, ಒಂದು ಗುಡಿಸಲೂ ಇಲ್ಲ. ಡಾಂಬರು ಎಬ್ಬಿಸಿ, ಆಚೆ ಬದಿಯಿಂದ ನೀರಿನ ಕಡೆಗೆ ಕಾಲುವೆ ತೋಡುತ್ತಾ ಬಂದರು.

"ಅಯ್ಯೋ, ಅಗೀಬೇಡ್ರೋ! ಇಡೀ ರಸ್ತೆ ಕೊಚ್ಕೊಂಡು ಹೋಗುತ್ತೆ!" ಸಾಹೇಬ ಅಳುವ ದನಿಯಲ್ಲಿ ಕೂಗುತ್ತಿದ್ದ.

ನನ್ನ ಹೆಂಡತಿ ಅವನ ಕೊರಳಪಟ್ಟಿ ಹಿಡಿದಳು. ಅವನ ರೇನ್‌ಕೋಟು ಕಿತ್ತು ಅವ್ವನ ಹೆಣದ ಮೇಲೆ ಹೊದಿಸಿದಳು. ಆಮೇಲೆ ಅವನನ್ನು ಕಾಲುವೆಗೆ ದೂಡಿದಳು. ಮುಖ ಕೆಳಗಾಗಿ ಬಿದ್ದು ಎದ್ದಾಗ ಅವನಿಗೂ ನಮಗೂ ವ್ಯತ್ಯಾಸವೇ ಇರಲಿಲ್ಲ, ತಲೆಯಿಂದ ಕಾಲವರೆಗೂ ಕೆಸರು. ನನಗೆಂದು ತಂದಿದ್ದ, ಮುರಿದ ಕೈಯಿಂದ ನಾನು ಎತ್ತಲಾಗದ ಪಿಕಾಸಿಯನ್ನು ಅವನ ಕೈಗೆ ತುರುಕಿದಳು.

"ಅಗಿ."

"ಅಮ್ಮಾ, ನನ್ನ ಕೆಲಸ ಹೋಗುತ್ತೆ..."

"ನಮ್ಮತ್ತೆ ಹೋದ್ರು ಕಣೋ, ಹಲ್ಕಾ! ಮಾಡಿನ ಮೇಲೆ ಇನ್ನೂ ಮಕ್ಕಳಿದಾವೆ. ಅಗಿ!"

ಅವನು ಅಗೆದ. ಹತ್ತೇಟಿಗೆ ಅಂಗೈ ಬೊಬ್ಬೆ ಒಡೆದು ರಕ್ತ ಬಂತು. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಕಾಲುವೆಯ ಬಾಯಿಗೂ ನೀರಿಗೂ ನಡುವೆ ಒಂದು ಮೊಳ ಮಣ್ಣು ಉಳಿಯಿತು, ಆಮೇಲೆ ಅರ್ಧ ಮೊಳ. ಮಣ್ಣು ಒಸರುತ್ತಿತ್ತು.

ಅಷ್ಟರಲ್ಲಿ ಪೊಲೀಸ್ ವ್ಯಾನುಗಳು ಬಂದು ಕಲ್ಲುಗಳಾಚೆ ನಿಂತವು. ಮಳೆಯಲ್ಲಿ ಬಂದೂಕುಗಳು ಕಂಡವು.

"ಪಿಕಾಸಿ ಕೆಳಗೆ ಹಾಕ್ರೋ! ಎತ್ತಿದವನಿಗೆ ಗುಂಡು ಹೊಡೀತೀವಿ!"

ಸಾಹೇಬನ ಮುಖ ಅರಳಿತು. ತನ್ನವರು ಬಂದರು ಅಂತ ಎರಡೂ ಕೈ ಮೇಲೆತ್ತಿ, "ಸಾರ್! ನಾನು ಸಾರ್, ನಾನು!" ಎಂದು ಅವರ ಕಡೆ ತಿರುಗಿದ. ಪಿಕಾಸಿ ಅವನ ಕೈಯಲ್ಲೇ ಇತ್ತು.

ಗುಂಡು ಅವನ ಕತ್ತಿಗೆ ಬಿತ್ತು. ಅವನು ಕಾಲುವೆಯಲ್ಲಿ ಕುಳಿತು, ನನ್ನನ್ನು ಏನೋ ಕೇಳುವವನಂತೆ ನೋಡಿ, ಪಕ್ಕಕ್ಕೆ ವಾಲಿದ.

ಯಾರೂ ಓಡಲಿಲ್ಲ. ಮಾಡಿನ ಮೇಲಿಂದ ನನ್ನ ಮಗಳು ಅವ್ವಾ ಎಂದು ಕೂಗುತ್ತಿದ್ದಳು, ನೀರು ತಗಡಿನ ಅಂಚಿಗೆ ಬಂದಿತ್ತು. ಹೆಂಡತಿ ಅದನ್ನು ನೋಡಿದಳು, ಬಂದೂಕುಗಳನ್ನೂ ನೋಡಿದಳು. ಬಗ್ಗಿ, ಸತ್ತವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪಿಕಾಸಿ ತೆಗೆದುಕೊಂಡಳು. ಇನ್ನೊಂದು ಗೇಣು ಮಣ್ಣು ಬಾಕಿ ಇತ್ತು. ಅವಳು ಪಿಕಾಸಿ ಎತ್ತಿದಳು.