ಹಿತ್ತಾಳೆ ಬಿರಡೆ

ನಮ್ಮ ಅಂಗಳಕ್ಕೆ ದೋಣಿ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ಅದು ನಮ್ಮದಲ್ಲ. ಈ ಮಾತನ್ನು ಆಮೇಲೆ ಇಪ್ಪತ್ತು ದಿನ ಬಂದಬಂದವರಿಗೆಲ್ಲ ಹೇಳಿ ಹೇಳಿ ನನ್ನ ನಾಲಿಗೆ ಸವೆದುಹೋಯಿತು.

ದೋಣಿ ನನ್ನ ಮೈದುನನ ಮಗ ಚೈತನ್ಯನದು. ಅವರ ಮನೆ ತುಮಕೂರಿನ ಸದಾಶಿವನಗರದಲ್ಲಿ. ಹದಿನೇಳು ಅಡಿ ದೋಣಿಯನ್ನು ಹೊತ್ತ ಗಾಡಿ ಅವರ ಬೀದಿಯಲ್ಲಿ ತಿರುಗುವುದಿಲ್ಲ ಎಂದು ಗೊತ್ತಾದಾಗ ಅವರಿಗೆ ಗುಬ್ಬಿಯ ನಮ್ಮ ಮನೆ ನೆನಪಾಯಿತು. ತೆಂಗಿನಕಾಯಿ ರಾಶಿ ಹಾಕುವ ಅಂಗಳ ನಮ್ಮದು, ಅಗಲವಾಗಿದೆ. ಅದಿಲ್ಲದಿದ್ದರೆ ನಾವು ನೆನಪಾಗುತ್ತಿದ್ದೆವೋ ಇಲ್ಲವೋ.

ದೋಣಿ ಬರುವುದಕ್ಕೆ ನಾಲ್ಕು ತಿಂಗಳ ಮೊದಲಿನಿಂದ ಅದರ ಸುದ್ದಿ ಬರುತ್ತಿತ್ತು. ತರುತ್ತಿದ್ದವಳು ಚೈತನ್ಯನ ತಾಯಿ, ನನ್ನ ಓರಗಿತ್ತಿ ಪುಟ್ಟರಂಗಮ್ಮ. ದಿನಾ ಮಧ್ಯಾಹ್ನ ಊಟ ಮುಗಿಸಿ ಫೋನ್ ಮಾಡುವಳು. ದೋಣಿ ಆಸ್ಟ್ರೇಲಿಯಾ ಬಿಟ್ಟಿತಂತೆ. ಇವತ್ತು ಸಿಂಗಾಪುರದಲ್ಲಿದೆಯಂತೆ, ಹಡಗು ಎಲ್ಲಿದೆ ಎಂದು ಮೊಬೈಲಿನಲ್ಲೇ ಕಾಣುತ್ತದಂತೆ. ತಿರುಪತಿಯಿಂದ ಆಚೆಗೆ ಹೋಗದವಳು ಸಿಂಗಾಪುರವನ್ನು ನಿಟ್ಟೂರು ಬಸ್ ಸ್ಟಾಪಿನ ಹಾಗೆ ಹೇಳುವಳು. ಚೆನ್ನೈ ಬಂದರಿನಲ್ಲಿ ಕಾಗದಪತ್ರಕ್ಕೆ ಮೂರು ವಾರ ಹಿಡಿಯಿತು. ಹೊಟ್ಟೆಪಾಡಿಗೆ ಮೀನು ಹಿಡಿಯುವ ದೋಣಿಯೋ, ಮೋಜಿನದೋ ಎಂದು ಪ್ರಶ್ನೆ ಬಂತಂತೆ. ಆ ಮೂರು ವಾರ ಪುಟ್ಟರಂಗಮ್ಮನ ಫೋನು ಕಡಿಮೆಯಾಗಿತ್ತು. ಆ ಮೂರು ವಾರ ನನಗೆ ಊಟ ಸೇರಿತು. ಸುಳ್ಳು ಯಾಕೆ ಹೇಳಲಿ.

ಚೈತನ್ಯ ಕುಣಿಗಲ್ ಕೆರೆಯಲ್ಲಿ ಮೀನಿನ ಆಟ ನಡೆಸುತ್ತಾನೆಂದು ನಮಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಬೆಂಗಳೂರಿನಿಂದ ಜನ ಬರುತ್ತಾರೆ, ದೋಣಿಯಲ್ಲಿ ಕೂತು ಗಾಳ ಹಾಕುತ್ತಾರೆ, ಸಿಕ್ಕ ಮೀನನ್ನು ಅಳೆದು ಫೋಟೋ ತೆಗೆದು ಮತ್ತೆ ನೀರಿಗೆ ಬಿಡುತ್ತಾರೆ. ಪರವಾನಗಿ ಸಿಕ್ಕಿದೆ ಎಂದ. ನನ್ನ ಯಜಮಾನರು ಅಂಜನಮೂರ್ತಿ ಇದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, "ಹಿಡಿದ ಮೀನ ಬುಡಾಕೆ ಆಸ್ಟ್ರೇಲಿಯಾದಿಂದ ದೋಣಿ ಬೇಕೇನ್ಲಾ? ಹಿಡೀದಲೇ ಇದ್ರೆ ಆಯ್ತಲ್ಲ" ಎಂದರು. ಎಲ್ಲರೂ ನಕ್ಕರು. ಪುಟ್ಟರಂಗಮ್ಮ ನಗಲಿಲ್ಲ. ಅದೊಂದು ಸಮಾಧಾನ ನನಗೆ.

ಅತ್ತೆಮನೆಗೆ ಸೊಸೆಯಾಗಿ ಮೊದಲು ಬಂದವಳು ನಾನು. ಆದರೆ ಯಾವುದೇ ಹೊಸದು ಮೊದಲು ಬಂದದ್ದು ಅವಳ ಕಡೆಗೆ. ಗ್ಯಾಸ್ ಒಲೆ ಬಂದಾಗ ಅದರ ನೀಲಿ ಉರಿ ನೋಡಲು ನಾನು ಅವಳ ಅಡುಗೆಮನೆಗೆ ಹೋಗಿ ನಿಂತಿದ್ದೆ. ಆಮೇಲೆ ಫ್ರಿಜ್ಜು, ಸ್ಕೂಟರು. ಅವಳು ಎಂದೂ ನನಗೆ ಕೆಟ್ಟ ಮಾತು ಆಡಿದವಳಲ್ಲ. ಆಡಿದ್ದರೆ ಚೆನ್ನಾಗಿತ್ತು, ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಇರುತ್ತಿತ್ತು.

ನನ್ನ ಮಗ ಲಕ್ಷ್ಮೀಕಾಂತ ಟ್ರ್ಯಾಕ್ಟರ್ ಮೆಕ್ಯಾನಿಕ್. ಸಂತೆ ಬೀದಿಯ ಹಿಂದೆ ಶೆಡ್ ಇಟ್ಟುಕೊಂಡಿದ್ದಾನೆ. ಚೈತನ್ಯನಿಗಿಂತ ಎರಡು ವರ್ಷ ದೊಡ್ಡವನು. ದೋಣಿಗೆ ಇಂಜಿನ್ ಕೂರಿಸಲು ಕೊಚ್ಚಿಯಿಂದ ಬರಬೇಕಾದವನು ಬಾರದ್ದರಿಂದ ಚೈತನ್ಯ ನನ್ನ ಮಗನನ್ನೇ ಕೇಳಿದ. "ಅಣ್ಣ, ನಿನ್ ಕೈಗೆ ಯಾವ ಇಂಜಿನ್ ಬಗ್ಗಲ್ಲ ಹೇಳು" ಎಂದ. ನನ್ನ ಮಗ ಶೆಡ್ಡಿಗೆ ಬೀಗ ಹಾಕಿಕೊಂಡು ಬಂದುಬಿಟ್ಟ.

ಬಂದ ದಿನ ದೋಣಿಗೆ ಮೈತುಂಬ ಬಿಳಿ ಪ್ಲಾಸ್ಟಿಕ್ ಸುತ್ತಿತ್ತು. ಹುಡುಗರಿಬ್ಬರೂ ಚಾಕುವಿನಿಂದ ಸೀಳಿ ಎಳೆದರು. ಒಳಗಿನಿಂದ ಬೂದು ಬಣ್ಣದ ತಗಡಿನ ಮೈ, ನೀಲಿ ಪಟ್ಟೆ, ತಿರುಗುವ ಕುರ್ಚಿಗಳು, ಗಾಳದ ಕೋಲು ಸಿಕ್ಕಿಸುವ ಕೊಳವೆಗಳು ಒಂದೊಂದಾಗಿ ಕಂಡವು. ಹರಿದ ಪ್ಲಾಸ್ಟಿಕ್ಕನ್ನು ಮಡಿಸಿಡುವ ಕೆಲಸ ನನ್ನದು. ಅದರ ಮಧ್ಯೆ ಒಂದು ಪುಟ್ಟ ಚೀಲ ಸಿಕ್ಕಿತು. ಒಳಗೆ ಎರಡು ಕೀಲಿಕೈ, ಮತ್ತೆ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಒಂದು ಬಿರಡೆ. ಬಿರಡೆಯ ಸುತ್ತ ತಿರುಪಿನ ಗೆರೆಗಳಿದ್ದವು, ತಲೆಗೆ ಹಿಡಿದು ತಿರುಗಿಸಲು ಅಡ್ಡಪಟ್ಟಿ ಇತ್ತು. ಗಾತ್ರಕ್ಕೆ ಮೀರಿದ ತೂಕ.

ಹುಡುಗರನ್ನು ಕರೆದು ಕೀಲಿಕೈ ಕೊಟ್ಟೆ. ಬಿರಡೆ ಕೊಡಲಿಲ್ಲ. ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ. ಅಷ್ಟು ದೊಡ್ಡದರಲ್ಲಿ ಇಷ್ಟು ಚಿಕ್ಕದು ಇಲ್ಲದಿದ್ದರೆ ಏನಾಗುತ್ತದೆ ಅನ್ನಿಸಿತೋ, ಏನಾದರೂ ಆಗಲಿ ಅನ್ನಿಸಿತೋ, ಈಗಲೂ ಸರಿಯಾಗಿ ಹೇಳಲಾರೆ.

ಮಾರನೆಯ ದಿನದಿಂದ ಅಂಗಳಕ್ಕೆ ಜನ. ಪಕ್ಕದ ಮನೆಯ ಬಸವಲಿಂಗಮ್ಮ ತನ್ನ ನೆಂಟರನ್ನೆಲ್ಲ ಕರೆತಂದು ತೋರಿಸಿದಳು. "ಗಂಗಮ್ಮಕ್ಕ, ಯಾವಾಗ ತಂದ್ರಿ?" ಎಂದು ಕೇಳುವವರಿಗೆ, ನಮ್ಮದಲ್ಲ, ಮೈದುನನ ಮಗನದು ಎನ್ನಬೇಕು. ಅವರು "ಓ" ಎಂದು ಮುಖವನ್ನು ನನ್ನಿಂದ ದೋಣಿಯ ಕಡೆಗೆ ತಿರುಗಿಸುವರು. ಆಮೇಲೆ ಅವರಿಗೆ ಕಾಫಿ ಕೊಡಬೇಕು.

ಅದಕ್ಕಿಂತ ಸಹಿಸಲಾಗದ್ದು ಬೇರೆ ಇತ್ತು. ಲಕ್ಷ್ಮೀಕಾಂತ ದೋಣಿ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದ. ಊಟಕ್ಕೆ ಕೂರುವಾಗ ಕೂಡ ಅಷ್ಟು ತೊಳೆದವನಲ್ಲ. ಹಿಂಭಾಗಕ್ಕೆ ಇಂಜಿನ್ ಎತ್ತಿ ಬಿಗಿದ, ಬ್ಯಾಟರಿಗೆ ತಂತಿ ಎಳೆದ, ನೀರಿನ ಆಳ ತೋರಿಸುವ ಪರದೆ ಕೂರಿಸಿದ. ಒಂದು ಮಧ್ಯಾಹ್ನ ಇಂಜಿನ್ನಿನ ಕಾಲನ್ನು ನಮ್ಮ ನೀಲಿ ಡ್ರಮ್ಮಿನ ನೀರಿಗೆ ಇಳಿಸಿ ಕೀಲಿಕೈ ತಿರುಗಿಸಿದ. ಡ್ರಮ್ಮು ಗುಡುಗಿತು, ನೀರು ಉಕ್ಕಿತು, ಇಂಜಿನ್ನಿನ ಪಕ್ಕದ ಸಣ್ಣ ಬಾಯಿಂದ ನೀರು ಚಿಮ್ಮತೊಡಗಿತು. ನನ್ನ ಮಗ ಆ ನೀರಿಗೆ ಬೆರಳಿಟ್ಟು ಬಿಸಿ ನೋಡಿ, "ಉಸಿರಾಡ್ತೈತೆ ಕಣವ್ವ" ಎಂದ. ಅವನ ಮುಖ ಹಾಗಿದ್ದದ್ದನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಬೇರೆಯವರ ವಸ್ತುವಿಗೆ ಇಷ್ಟು ಸಂತೋಷವೇ ಎಂದುಕೊಂಡು ಒಳಗೆ ಹೋದೆ.

ಅವನೇ ಇನ್ನೊಂದು ದಿನ ದೋಣಿಯ ಹಿಂದೆ, ಅಡಿಯಲ್ಲಿ, ಕೂತು ಒಂದು ತೂತನ್ನು ನೋಡುತ್ತಿದ್ದ. ನಾನು ಜಗಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದೆ. ಇದು ಯಾಕೆ ತೆರೆದಿದೆ ಎಂದು ಚೈತನ್ಯನನ್ನು ಕೇಳಿದ. ಚೈತನ್ಯ ಮೊಬೈಲಿನಲ್ಲಿ ವೀಡಿಯೋ ತೋರಿಸಿದ. ದೋಣಿ ಓಡುತ್ತಿರುವಾಗ ಒಳಗೆ ಸೇರಿದ ನೀರು ಆ ತೂತಿನಿಂದ ತಾನಾಗಿ ಹೊರಗೆ ಹೋಗುತ್ತದಂತೆ, ಯಾರೋ ವಿದೇಶದವನು ಮಾಡಿ ತೋರಿಸಿದ್ದಾನಂತೆ. ಲಕ್ಷ್ಮೀಕಾಂತ ತಲೆ ಕೆರೆದುಕೊಂಡ. ಟ್ರ್ಯಾಕ್ಟರ್ ಆಗಿದ್ದರೆ ಜಗಳ ಆಡುತ್ತಿದ್ದ. ದೋಣಿ ಅವನಿಗೂ ಹೊಸದು, ಸುಮ್ಮನಾದ.

ನಾನೂ ಸುಮ್ಮನಾದೆ. ನಮ್ಮಪ್ಪ ಹುತ್ರಿದುರ್ಗದ ಕೆಳಗಿನ ಕೆರೆಗೆ ನೀರುಗಂಟಿಯಾಗಿದ್ದವನು. ತೂಬು ತೆಗೆದು ಗದ್ದೆಗೆ ನೀರು ಬಿಡುವುದು, ಮತ್ತೆ ಮುಚ್ಚುವುದು ಅವನ ಕೆಲಸ. ಕಲ್ಲಿನ ಬಿರಡೆಯನ್ನು ತೂಬಿನ ಕಣ್ಣಿಗೆ ಇಳಿಸುವಾಗ ಎಷ್ಟೋ ಸಲ ನಾನು ಏರಿಯ ಮೇಲೆ ಕೂತು ನೋಡಿದ್ದೇನೆ. ಆ ಹಿತ್ತಾಳೆ ಯಾತಕ್ಕೆ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಚೀಲ ಸೊಂಟದಲ್ಲೇ ಇತ್ತು. ಕಡಲೆಕಾಯಿ ಬಿಡಿಸುತ್ತಲೇ ಇದ್ದೆ. ಅಷ್ಟು ದುಡ್ಡಿನ ದೋಣಿಗೆ ಒಂದೇ ಬಿರಡೆ ಕೊಟ್ಟಿರುತ್ತಾರೆಯೇ, ಇನ್ನೊಂದು ಎಲ್ಲೋ ಇರುತ್ತದೆ ಎಂದುಕೊಂಡೆ. ಇಲ್ಲದಿದ್ದರೂ ಕೆರೆಯ ದಡದಲ್ಲೇ ಸ್ವಲ್ಪ ನೀರು ತುಂಬಿ ಕೂತುಕೊಳ್ಳುತ್ತದೆ, ಯಾರೂ ಸಾಯುವುದಿಲ್ಲ. ನಾಲ್ಕು ಜನ ನಗುತ್ತಾರೆ. ಪುಟ್ಟರಂಗಮ್ಮನನ್ನು ನೋಡಿ ಒಂದು ಸಲ ನಾಲ್ಕು ಜನ ನಕ್ಕರೆ ಏನಾಯಿತು? ಹೀಗೆ ಒಂಬತ್ತು ದಿನ ಕಳೆದೆ.

ನೀರಿಗೆ ಇಳಿಸುವ ದಿನ ಭಾನುವಾರ. ಜೀಪಿಗೆ ಗಾಡಿ ಕಟ್ಟಿ, ತುಮಕೂರು ದಾಟಿ, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ನಿಧಾನವಾಗಿ ಹೋದೆವು. ಕೆರೆ ಏರಿಯ ಕೆಳಗೆ, ಇಳಿಜಾರಿನ ಹತ್ತಿರ ಆಗಲೇ ಐವತ್ತು ಜನ ಇದ್ದರು. ಬೆಂಗಳೂರಿನಿಂದಲೂ ನಾಲ್ಕು ಜನ ಟೋಪಿ ಹಾಕಿಕೊಂಡು ಬಂದಿದ್ದರು, ಮುಂದೆ ವಾರವಾರ ಬರುವವರಂತೆ. ಪುಟ್ಟರಂಗಮ್ಮ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ದೋಣಿಗೆ ಚೆಂಡುಹೂವಿನ ಹಾರ, ಮೂತಿಗೆ ಅರಿಶಿನ ಕುಂಕುಮ.

ಅರ್ಚಕರು ಗಂಗೆ ಪೂಜೆ ಮಾಡಿ ಕಳಶದ ನೀರನ್ನು ದೋಣಿಯ ಮೂತಿಯ ಒಳಗಡೆಗೆ ಸುರಿದರು. ಗಾಡಿಯ ಮೇಲಿದ್ದ ದೋಣಿ ಹಿಂದಕ್ಕೆ ವಾಲಿತ್ತು. ನೀರು ಒಳಗೊಳಗೇ ಹರಿದು ಹಿಂಭಾಗದ ಆ ತೂತಿನಿಂದ ಸಣ್ಣಗೆ ಧಾರೆಯಾಗಿ ಬೀಳತೊಡಗಿತು. ಗರ್ಭಗುಡಿಯ ಅಭಿಷೇಕದ ನೀರು ಹೊರಗೋಡೆಯ ಕಲ್ಲುಬಾಯಿಂದ ಬೀಳುತ್ತದಲ್ಲ, ಹಾಗೆ. ನಮ್ಮ ಜೊತೆ ಬಂದಿದ್ದ ಬಸವಲಿಂಗಮ್ಮ ಏನೂ ಯೋಚಿಸದೆ ಅಂಗೈ ಒಡ್ಡಿ, ಕುಡಿದು, ತಲೆಗೆ ಒರೆಸಿಕೊಂಡಳು. ಅವಳ ಹಿಂದೆ ಇನ್ನೊಬ್ಬರು. ನೋಡುವಷ್ಟರಲ್ಲಿ ಸಾಲು ನಿಂತುಬಿಟ್ಟಿತು. ಬೆಂಗಳೂರಿನ ಟೋಪಿಯವರೂ ಟೋಪಿ ತೆಗೆದು ನಿಂತರು. ನೀರು ಸಾಲದೆಂದು ಅರ್ಚಕರು ಇನ್ನೊಂದು ಬಿಂದಿಗೆ ಸುರಿಸಿದರು.

"ಅಕ್ಕ, ಬಾ, ನೀನು ತೀರ್ಥ ತಗೊಂಡೇ ಇಲ್ಲ" ಎಂದು ಪುಟ್ಟರಂಗಮ್ಮ ನನ್ನ ಕೈ ಹಿಡಿದು ಮುಂದಕ್ಕೆ ತಂದಳು.

ಬಗ್ಗಿ ಅಂಗೈ ಒಡ್ಡಿದೆ. ತೂತು ನನ್ನ ಕಣ್ಣಿನ ನೇರಕ್ಕೇ ಇತ್ತು. ಒಳಗೆ ತಿರುಪಿನ ಗೆರೆಗಳು ಸುತ್ತಿಕೊಂಡು ಹೋಗಿರುವುದು ಕಂಡಿತು. ತಣ್ಣನೆಯ ನೀರು ಅಂಗೈ ತುಂಬಿತು. ಕುಡಿದೆ. ಆಗ ನನ್ನ ಬೆನ್ನ ಹಿಂದೆ ಚೈತನ್ಯ ಟೋಪಿಯವರಿಗೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಇದನ್ನು ರೆಡಿ ಮಾಡಿದ್ದೆಲ್ಲ ನಮ್ಮ ಲಕ್ಷ್ಮೀಕಾಂತಣ್ಣ, ಒಂದು ನಟ್ಟನ್ನೂ ಬೇರೆಯವರು ಮುಟ್ಟಿಲ್ಲ, ಇನ್ನು ಮುಂದೆ ದೋಣಿ ನಡೆಸುವವನೂ ಅವನೇ, ನಿಮ್ಮ ಜೀವ ಅವನ ಕೈಯಲ್ಲಿ ಎಂದ. ಲಕ್ಷ್ಮೀಕಾಂತ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ದೋಣಿಯ ಪಕ್ಕ ನಿಂತಿದ್ದ.

ಒಂಬತ್ತು ದಿನ ನಾನು ನೀರಲ್ಲಿ ಕೂತ ದೋಣಿಯನ್ನು ಮನಸ್ಸಿನಲ್ಲಿ ನೋಡಿದ್ದೆ, ಪುಟ್ಟರಂಗಮ್ಮನ ಮುಖವನ್ನು ನೋಡಿದ್ದೆ. ಆ ಚಿತ್ರದಲ್ಲಿ ನನ್ನ ಮಗ ಎಲ್ಲೂ ಇರಲಿಲ್ಲ. ಜನ ನಗುವುದು ಅವನನ್ನು ನೋಡಿ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಹುಡುಗರು ಗಾಡಿಯ ಕಟ್ಟು ಬಿಚ್ಚಲು ಬಗ್ಗಿದರು. ನಾನು ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು, "ಲಕ್ಷ್ಮಿ, ಈ ತೂತಿಗೆ ಬಿರಡೆ ಬ್ಯಾಡ್ವೇನೋ?" ಎಂದೆ.

ಚೈತನ್ಯ ನಕ್ಕ. "ದೊಡ್ಡಮ್ಮ, ಓಡುವಾಗ ನೀರು ಅದ್ರಲ್ಲೇ ಆಚೆ ಹೋಗುತ್ತೆ."

"ನಿಂತಾಗ?"

ಅವನು ಬಗ್ಗಿ ತೂತನ್ನು ನೋಡಿದ. ಗಾಳ ಹಾಕಲು ದೋಣಿ ನಿಲ್ಲಲೇಬೇಕು. ನಾನು ಸೊಂಟದಿಂದ ಚೀಲ ತೆಗೆದು, ಅಡಿಕೆ ಹೋಳುಗಳ ಕೆಳಗಿನಿಂದ ಬಿರಡೆ ಎತ್ತಿ ಕೊಟ್ಟೆ. ಪ್ಲಾಸ್ಟಿಕ್ ಮಡಿಸುವಾಗ ಸಿಕ್ಕಿತ್ತು, ಇದೇ ಇರಬೇಕು ನೋಡು ಎಂದೆ.

ಪುಟ್ಟರಂಗಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. ಸುತ್ತಲಿನವರಿಗೆಲ್ಲ ಕೇಳುವಂತೆ, "ನಮ್ಮಕ್ಕನ ಕೈಗೆ ಬಿದ್ದಿದ್ದು ಯಾವತ್ತಾದ್ರೂ ಕಳೆದೈತಾ? ಹೆಂಗೆ ಜೋಪಾನ ಮಾಡವ್ಳೆ ನೋಡಿ" ಎಂದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಚೈತನ್ಯ ಬಗ್ಗಿ ನನ್ನ ಕಾಲು ಮುಟ್ಟಿದ. ನನಗೆ ಅಲ್ಲಿಂದ ಬಸ್ ಹತ್ತಿ ಹೋಗೋಣ ಅನ್ನಿಸಿತು.

ಲಕ್ಷ್ಮೀಕಾಂತ ಬಿರಡೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದ. ಅದರ ತಿರುಪಿನ ಸಂದುಗಳಲ್ಲೆಲ್ಲ ನನ್ನ ಎಲೆಅಡಿಕೆಯ ಸುಣ್ಣ ಕೂತು ಒಣಗಿ ಗಟ್ಟಿಯಾಗಿತ್ತು. ಒಂದೆರಡು ದಿನದಲ್ಲಿ ಹಾಗೆ ಕೂರುವಂಥದ್ದಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅದರ ತುದಿಯಿಂದ ಒಂದೊಂದು ಸುತ್ತನ್ನೂ ಕೆರೆದ. ಬಿಳಿ ಪುಡಿ ಅವನ ಅಂಗಿಯ ಮೇಲೆ ಉದುರಿತು. ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ಬಗ್ಗಿ ಬಿರಡೆಯನ್ನು ತೂತಿಗೆ ಬಿಗಿದ.

ದೋಣಿ ಇಳಿಯಿತು, ತೇಲಿತು. ಮೊದಲು ಕೂರಬೇಕಾದವಳು ನಾನೇ ಎಂದು ಪುಟ್ಟರಂಗಮ್ಮ ಹಟ ಹಿಡಿದಳು. ನಮ್ಮಿಬ್ಬರಿಗೂ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ದಪ್ಪ ಅಂಗಿ ತೊಡಿಸಿ ಮುಂದಿನ ಕುರ್ಚಿಗಳಲ್ಲಿ ಕೂರಿಸಿದರು. ದಡದಲ್ಲಿ ನಿಂತ ಯಜಮಾನರು ನಮ್ಮಿಬ್ಬರನ್ನು ನೋಡಿ, ಇವರನ್ನೂ ಅಳತೆ ಮಾಡಿ ನೀರಿಗೆ ಬಿಟ್ಟುಬಿಡು ಎಂದು ಚೈತನ್ಯನಿಗೆ ಹೇಳಿದರಂತೆ. ನನಗೆ ಕೇಳಿಸಲಿಲ್ಲ. ಪುಟ್ಟರಂಗಮ್ಮ ಹೆದರಿ ನನ್ನ ಮುಂಗೈ ಹಿಡಿದಿದ್ದಳು. ಅವಳು ಕೆರೆ ನೋಡಿದಳು, ಕೊಕ್ಕರೆ ನೋಡಿದಳು. ನಾನು ಕುತ್ತಿಗೆ ತಿರುಗಿಸಿಕೊಂಡು ದೋಣಿಯ ಹಿಂಭಾಗದ ಅಡಿಯನ್ನೇ ನೋಡುತ್ತಾ ಕೂತಿದ್ದೆ. ಹೊರಗಿನಿಂದ ಒಂದು ತೊಟ್ಟು ನೀರೂ ಬರಲಿಲ್ಲ.

ಸಂಜೆ ದೋಣಿಯನ್ನು ಮತ್ತೆ ಗಾಡಿಗೆ ಏರಿಸಿದ ಮೇಲೆ ಲಕ್ಷ್ಮೀಕಾಂತ ಬಿರಡೆ ಬಿಚ್ಚಿದ. ಒಳಗೆ ಉಳಿದಿದ್ದ ಅಷ್ಟಿಷ್ಟು ಪೂಜೆಯ ನೀರು ಸುರಿದುಹೋಯಿತು. ಕೀಲಿಕೈಗಳನ್ನು ಚೈತನ್ಯನಿಗೆ ಕೊಟ್ಟ. ಬಿರಡೆಯನ್ನು ಕೊಡಲಿಲ್ಲ. ನಾನು ಕೂತಿದ್ದ ಕಡೆಗೆ ಬಂದು ನನ್ನ ಅಂಗೈಯಲ್ಲಿ ಇಟ್ಟ.

"ನೀನೇ ಇಟ್ಕೊ ಅವ್ವ" ಎಂದ. "ಬರೋ ಭಾನುವಾರ ಬೇಕು. ಈ ಸಲ ಸುಣ್ಣ ತಾಗದಂಗೆ ಇಟ್ಕೊ."

ಚೀಲಕ್ಕೆ ಹಾಕಲಿಲ್ಲ. ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೆ. ವಾಪಸು ಬರುವಾಗ ಜೀಪಿನಲ್ಲಿ ಪುಟ್ಟರಂಗಮ್ಮ ನನ್ನ ಹೆಗಲಿಗೆ ಒರಗಿ ಎಲೆ ಕೇಳಿದಳು. ಮಡಿಸಿ ಕೊಟ್ಟೆ. ಅಗಿಯುತ್ತಾ, ಚೈತನ್ಯ ಮುಂದಿನ ವರ್ಷ ಇನ್ನೊಂದು ದೋಣಿ ತರಿಸುತ್ತಾನಂತೆ, ಇದಕ್ಕಿಂತ ನಾಲ್ಕು ಅಡಿ ಉದ್ದದ್ದಂತೆ, ಅದಕ್ಕೆ ಮೇಲೆ ಚಾವಣಿಯೂ ಇರುತ್ತದಂತೆ ಎಂದು ಹೇಳತೊಡಗಿದಳು. ಹೆಬ್ಬೂರು ಬರುವ ತನಕ ಹೇಳಿದಳು. ನಾನು ಹೂಂ ಎನ್ನುತ್ತಾ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.