ಬರೀ ಕತ್ತರಿ ಎನ್ನದ ಪ್ರಮಿತಾಬಾಯಿ

ಸೇಡಂ ಬಸ್ ನಿಲ್ದಾಣದ ಹಿಂದಿನ ಮುದ್ರಣದ ಅಂಗಡಿಗೆ ಬಂದೊಡನೆ ಪ್ರಮಿತಾಬಾಯಿ ಎಂದೂ ತಪ್ಪಿಸದ ಕೆಲಸವೊಂದಿದೆ: ಹಿಂದಿನ ದಿನ ಮೇಜಿನ ಮೇಲೆ ಉಳಿದದ್ದನ್ನೆಲ್ಲ ಅದರದರ ಜಾಗಕ್ಕೆ ಸೇರಿಸುವುದು. ತುಟಿಯಲ್ಲಿ ವಿಠ್ಠಲನ ಹೆಸರು, ನಡುನಡುವೆ ಈ ಮಾತು: “ಇದು ಅಂಗಡಿ ಕತ್ತರಿ. ಇದು ಅಚ್ಚು ಹಾಕೋ ಬಾಬುಮಿಯಾನ ಕನ್ನಡಕ. ಇದು ನನ್ನ ತಂಬಿಗಿ.” ಬರೀ ಕತ್ತರಿ ಎಂಬ ಮಾತನ್ನು ಅವರ ಬಾಯಲ್ಲಿ ಯಾರೂ ಕೇಳಿಲ್ಲ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸ್ತಿಲು ಮುಟ್ಟಿ ನಮಸ್ಕರಿಸಿಯೇ ಒಳಗೆ ಕಾಲಿಡುವ ಈ ಹೆಂಗಸು ಯಾರ ಪಾಠವೂ ಇಲ್ಲದೆ ಕಂಪ್ಯೂಟರ್ ಕಲಿತವರು. ಮದುವೆ ಕಾರ್ಡು ಜೋಡಿಸಲು, ಅಕ್ಷರ ಕೂರಿಸುವ ಎಡಿಟರ್ ಎಂಬ ತಂತ್ರಾಂಶದೊಳಗೇ ಚಿಕ್ಕ ಸ್ಕ್ರಿಪ್ಟುಗಳನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶದ ಸಾಲುಗಳನ್ನು, ಬರೆದಿಟ್ಟುಕೊಂಡಿದ್ದಾರೆ. ವಧು, ವರ, ಸೋದರಮಾವ ಎಂದು ಒಂದೊಂದು ಜಾಗಕ್ಕೆ ಹೆಸರಿಟ್ಟರೆ ಗಿರಾಕಿ ಕೊಟ್ಟ ವಿವರ ಅದರಲ್ಲಿ ಹೋಗಿ ಕೂರುತ್ತದೆ. ಹೆಸರಿನ ಮುಂದೆ ಒಂದಕ್ಷರದ ಗುರುತು ಹಾಕಿದರೆ ಅದು ಈ ಕಾರ್ಡಿಗಷ್ಟೇ ಸೇರಿದ್ದೋ ಇಡೀ ಎಡಿಟರಿಗೆ ಸೇರಿದ್ದೋ ಸ್ಪಷ್ಟವಾಗುತ್ತದೆ. ಹಾಕದಿದ್ದರೆ, ಬರೆದ ಜಾಗ ನೋಡಿ ಎಡಿಟರೇ ತೀರ್ಮಾನಿಸಿಕೊಳ್ಳುತ್ತದೆ: ಕಾರ್ಡಿನ ಭಾಗದೊಳಗೆ ಬರೆದದ್ದು ಆ ಕಾರ್ಡಿನದು, ಹೊರಗೆ ಬರೆದದ್ದು ಇಡೀ ಎಡಿಟರಿನದು. ಪ್ರಮಿತಾಬಾಯಿ ತಪ್ಪದೆ ಗುರುತು ಹಾಕುವವರು. ಅಂಗಡಿಯ ಮಾಲೀಕ, ವಯಸ್ಸಿನಲ್ಲಿ ಕಿರಿಯ ಶಾಹನವಾಜನಿಗೆ ಇದೊಂದು ತಮಾಷೆ.

“ಅಕ್ಕಾ, ಗುರುತು ಹಾಕಲಿಲ್ಲಂದ್ರೂ ಅದಕ್ಕ ಗೊತ್ತಾಗ್ತದಲ್ರಿ. ಸುಮ್ನ ಬೆರಳು ಯಾಕ ನೋಯಿಸ್ಕೊಳ್ಳಾಕತ್ತೀರಿ?”

“ಅದಕ್ಕ ಗೊತ್ತಾಗ್ತದಪ್ಪ. ನಾಳಿ ಓದೋ ನನಗ ಗೊತ್ತಾಗಬೇಕಲ್ಲ!”

ಅಂಥವರೂ ಕಳೆದ ವೈಶಾಖದ ಮದುವೆಗಳ ಗದ್ದಲದಲ್ಲಿ ಒಮ್ಮೆ ಅವಸರಪಟ್ಟರು. ಸೋದರಮಾವನ ಸಾಲನ್ನು ಗುರುತಿಲ್ಲದೆ ಹೊರಗೇ ಬರೆದರು. ಆ ಹೆಸರು ಇಡೀ ಎಡಿಟರಿನದಾಯಿತು. ಬೆಳಗ್ಗೆ ಚಿತ್ತಾಪುರದವರ ಕಾರ್ಡಿಗಾಗಿ ಅದರಲ್ಲಿ ಕೂತ ಅವರ ಸೋದರಮಾವ ನರಸಪ್ಪ ಮಧ್ಯಾಹ್ನವೂ ಎದ್ದುಹೋಗಲಿಲ್ಲ. ಮುಂದಿನದು ಕುರಕುಂಟಾದ ಭೀಮಬಾಯಿಯ ಮಗಳ ಕಾರ್ಡು. ಅವರು ಸೋದರಮಾವನ ಜಾಗವನ್ನು ಬೇಕೆಂದೇ ಖಾಲಿ ಬಿಟ್ಟಿದ್ದರು. ಖಾಲಿ ಜಾಗದಲ್ಲಿ ನರಸಪ್ಪನೇ ಅಚ್ಚಾದ.

ಕಾರ್ಡು ಹಂಚುವ ಮೊದಲೇ ಭೀಮಬಾಯಿ ಕಟ್ಟು ಹಿಡಿದು ಬಂದು ಅಂಗಡಿಯ ಮುಂಭಾಗದಲ್ಲಿ ಕುಳಿತರು. ಕೂಗಾಡಲಿಲ್ಲ. “ನನ್ನ ತಮ್ಮ ಹೋಗಿ ಇನ್ನಾ ವರ್ಷ ಆಗಿಲ್ರಿ. ಅವನ ಜಾಗಾದಾಗ ಬಂದು ಕುಂತಾನಲ್ಲ, ಇವ ಯಾರ್ರಿ?” ಎಂದರು.

ಒಳಗೆ, ಬಟ್ಟೆಯ ಪರದೆಯ ಹಿಂದೆ ಕೆಲಸದಲ್ಲಿದ್ದ ಪ್ರಮಿತಾಬಾಯಿಗೆ ಅದು ಕೇಳಿಸಿತು. ಸ್ಕ್ರಿಪ್ಟು ತೆರೆದು ನೋಡಿದರು. ಗುರುತಿಲ್ಲದ ಆ ಒಂದು ಸಾಲು ಕಣ್ಣಿಗೆ ಬಿತ್ತು.

ಶಾಹನವಾಜ ಒಳಬಂದು ದನಿ ತಗ್ಗಿಸಿದ: “ಅಕ್ಕಾ, ನೀವು ಹೊರಗ ಬರಬ್ಯಾಡ್ರಿ. ಹೊಸ ಕಾರ್ಡು ಸಂಜೀಕ ಕೊಡೋಣು. ಕಂಪ್ಯೂಟರ್ ಕೆಟ್ಟಿತ್ತಂತ ನಾ ಹೇಳ್ತೀನಿ, ಮಾತು ಮುಗೀತದ.”

ಯಾವುದು ಯಾರದು ಎಂಬುದನ್ನು ಲೋಕದ ಊಹೆಗೆ ಬಿಡಲಾರದ ಜನ ಕೆಲವರಿರುತ್ತಾರೆ. ಅವರೊಡನೆ ಕೆಲಸ ಮಾಡುವುದು ಕೆಲವೊಮ್ಮೆ ಬೇಸರ. ಆದರೆ ಪರರ ವಸ್ತುವನ್ನು ಪರರದೆನ್ನುವ ಅದೇ ನಾಲಿಗೆ, ತನ್ನದಾದದ್ದು ಎಷ್ಟೇ ಕಹಿಯಾದರೂ ತನ್ನದೆನ್ನಲು ಹಿಂಜರಿಯದು.

“ಬ್ಯಾಡಪ್ಪಾ” ಎಂದು ಪ್ರಮಿತಾಬಾಯಿ ಎದ್ದರು. “ಕಂಪ್ಯೂಟರಿನ ತಪ್ಪಲ್ಲ, ಅಂಗಡಿ ತಪ್ಪೂ ಅಲ್ಲ. ನನ್ನ ತಪ್ಪು.” ಪರದೆ ಸರಿಸಿ, ಭೀಮಬಾಯಿಯ ಎದುರಿಗೆ ಹೋಗಿ ಕುಳಿತರು.